ಗುರುವ ಮರ ಇಳಿದದ್ದು

ಧರ್ಮೇಶ ನನ್ನ ಚಿಕ್ಕಪ್ಪನ ಮಗ. ಸುಳ್ಳು ಹೇಳುವವನೇ, ಇಲ್ಲ ಅನ್ನೋದಿಲ್ಲ. ಇದು ಮಾತ್ರ ಆ ಬಾಬತ್ತಿನದಲ್ಲ.

ಹೋದ ವರ್ಷ, ಬೇಸಿಗೆ ಶುರುವಾಗೋ ಹೊತ್ತಿನ ಅಮಾವಾಸ್ಯೆ. ಶೃಂಗೇರಿಯಿಂದ ಕೊನೇ ಬಸ್ಸಿಗೆ ಬಂದು ಕೆರೆಕಟ್ಟೆಯಲ್ಲಿ ಇಳಿದವನು ಒಬ್ಬನೇ ಕಾಡುದಾರಿ ಹಿಡಿದಿದ್ದ. ಹಾಳುಬಾವಿ ದಾಟುವಾಗ ಒಳಗೆ ಏನೋ... ಬುಳಕ್ ಅಂತು. ಕಪ್ಪೆ ಅಂದುಕೊಂಡ. ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಬುಳಕ್. ಕಪ್ಪೆಯೇ, ಇನ್ನೇನು. ಮೊಬೈಲ್ ಬೆಳಕು ನೆಲಕ್ಕೆ ಹಿಡಿದು ಬಿರಬಿರನೆ ನಡೆದ.

ಅವತ್ತು ಅವನಿಗೆ ಹೆದರಿಕೆಗಿಂತ ಖುಷಿ ಹೆಚ್ಚಿತ್ತು. ಗುರುವ ಬದುಕಿದ್ದಾನೆ!

ಗುರುವ ಅಂದರೆ ಅವನ ಜೇನಿನ ಜೊತೆಗಾರ. ಮೀಸೆ ಮೂಡುವ ಮುಂಚಿನಿಂದ ಇಬ್ಬರೂ ಸೇರಿ ಅಮಾವಾಸ್ಯೆ ಕತ್ತಲಲ್ಲಿ ಹೆಜ್ಜೇನು ಕೀಳುತ್ತಿದ್ದರು. ಗುರುವ ಮರ ಹತ್ತುವವನು, ಧರ್ಮೇಶ ಬುಡ ಕಾಯುವವನು. ಹತ್ತಲು ಕಾಂಡಕ್ಕೆ ಬಿದಿರಿನ ಗೂಟ ಹೊಡೆದಿರುತ್ತಾರೆ. ಕಂಡಕಂಡವರು ಹತ್ತಬಾರದು ಅಂತ ಗೂಟ ಶುರುವಾಗೋದೇ ಆಳೆತ್ತರದ ಮೇಲೆ. ಹತ್ತುವಾಗಲೂ ಇಳಿಯುವಾಗಲೂ ಬುಡದವನ ಹೆಗಲೇ ಮೆಟ್ಟಿಲು. ಮರದ ಮೇಲಿರುವವನನ್ನು ಹೆಸರು ಹಿಡಿದು ಕೂಗುವ ಹಾಗಿಲ್ಲ. ಇಳಿಯುವ ಮುಂಚೆ ಅವನು ‘ಕೂ’ ಅನ್ನಬೇಕು. ಕೆಳಗಿನವನು ತಿರುಗಿ ‘ಕೂ’ ಅಂದರೆ ಮಾತ್ರ ಕಾಲು ಕೆಳಗಿಡೋದು. ಅನ್ನದಿದ್ದರೆ... ಅಲ್ಲೇ ಇರಬೇಕು.

ಹನ್ನೊಂದು ವರ್ಷದ ಹಿಂದೆ ಒಂದು ರಾತ್ರಿ ದೂರದಲ್ಲಿ ಟಾರ್ಚು ಕಂಡಿತು. ಫಾರೆಸ್ಟಿನವರು ಅಂತ ಧರ್ಮೇಶ ಓಡಿದ. ಹಿಂದಿನಿಂದ ‘ಕೂ’ ಕೇಳಿಸಿತು. ನಿಲ್ಲಲಿಲ್ಲ. ಮತ್ತೆ ‘ಕೂ’. ಬೆಳಗ್ಗೆ ಹೋಗಿ ನೋಡಿದರೆ ಗುರುವನೂ ಇಲ್ಲ, ಹೊಗೆ ಹಾಕುವ ಸೂಡಿಯೂ ಇಲ್ಲ, ಜೇನಿನ ಡಬ್ಬವೂ ಇಲ್ಲ. ಗುರುವನ ತಾಯಿ ಸೀತಕ್ಕನಿಗೆ ಹೇಳಿದ್ದೇ ಬೇರೆ. "ಮರ ಇಳಿದ, ನನ್ನ ಹತ್ರ ಜಗಳ ಆಡಿದ, ಘಟ್ಟ ಇಳಿದು ಹೋದ." ಆಮೇಲೆ ಧರ್ಮೇಶ ಊರೇ ಬಿಟ್ಟು ಎನ್.ಆರ್.ಪುರದ ಕಡೆ ಸೀತೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟ.

ಅಮಾವಾಸ್ಯೆಯ ಹಿಂದಿನ ಸಂಜೆ ಅಂಗಡಿಯ ರೇಡಿಯೋದಲ್ಲಿ ಫೋನ್ ಮಾಡಿ ಹಾಡು ಕೇಳುವ ಕಾರ್ಯಕ್ರಮ ಬರುತ್ತಿತ್ತು. ಒಂದು ಗಂಟಲು... ಬೀಡಿ ಸೇದಿ ಸೇದಿ ಒಡೆದ ಗಂಟಲು. "ನಾನು ಗುರುವ, ಕೆರೆಕಟ್ಟೆ."

"ಏನು ಕೆಲಸ ಮಾಡ್ತೀರಿ ಗುರುವ ಅವರೇ?"

"ಜೇನು ಕೀಳೋದು. ಈಗಲೂ ಕೆಲಸದಲ್ಲೇ ಇದೀನಿ. ಸೀತೂರಿನ ಧರ್ಮೇಶಂಗೆ ಒಂದು ಹಾಡು ಹಾಕಿ. ನಾಳೆ ಹಳೇ ಜಾಗಕ್ಕೆ ಬರೋಕೆ ಹೇಳಿ."

"ನೀವೇ ಹೋಗಿ ಕರೀಬಹುದಲ್ಲ?" ರೇಡಿಯೋದ ಹುಡುಗಿ ನಕ್ಕಳು.

"ಅವನು ಬಾರದೆ ನಾನು ಬರೋ ಹಾಗಿಲ್ಲ."

ಟೀ ತಂದ ಹೆಂಡತಿ ಭವ್ಯಳೂ ಕೇಳಿಸಿಕೊಂಡಳು. "ಎಂತ ಮಾರಾಯ್ರೆ, ಈಗ ನೆನಪಾಯ್ತಾ ನಿಮ್ಮ ದೋಸ್ತಿಗೆ? ನೀವು ಸೀತೂರಲ್ಲಿರೋದು ಯಾರು ಹೇಳಿದ್ರಂತೆ? ಹೋಗ್ಬನ್ನಿ ಒಂದ್ಸಲ. ಹಂಗಾದ್ರೂ ರಾತ್ರಿ ನಿದ್ದೆ ಮಾಡ್ತೀರೇನೋ."

ಧರ್ಮೇಶನಿಗೆ ಬೇಕಿದ್ದದ್ದೂ ಅದೇ. ಗುರುವನನ್ನು ಕೈಹಿಡಿದು ಕರೆದೊಯ್ದು ಸೀತಕ್ಕನ ಮುಂದೆ ನಿಲ್ಲಿಸಬೇಕು. ನಾನು ಹೇಳಿದ್ದು ಸುಳ್ಳು, ತಪ್ಪಾಯ್ತು ಅನ್ನಬೇಕು. ಎದೆ ಹಗುರ ಮಾಡಿಕೊಂಡು ಮನೆಗೆ ಬರಬೇಕು.

ಅದೇ ಹಳೇ ಮರದ ಬುಡಕ್ಕೆ ಬಂದ. ಯಾರೂ ಇಲ್ಲ. ಜೀರುಂಡೆ ಒಂದೇ ಸಮನೆ ಜೀಂಯ್... ಅನ್ನುತ್ತಿತ್ತು. ಮೇಲೆಲ್ಲೋ ಒಣ ತೊಗಟೆ ಚರಕ್ ಅಂತು. ಜೀರುಂಡೆ ನಿಂತೇಹೋಯ್ತು.

"ಗುರುವಾ..."

ತಡೆಯಲಾರದೆ ಬಾಯಿಗೆ ಬಂದುಬಿಟ್ಟಿತು.

"ಹೆಸರು ಹಿಡಿದೆಯಲ್ಲೋ." ತಣ್ಣಗೆ, ಮೇಲಿಂದ. "ಬುಡ ಕಾಯೋನಿಗೆ ಕೆಲಸ ಮರ್ತೇಹೋಯ್ತಾ?"

"ಇಳಿ ಮಾರಾಯ. ಮಾತಾಡೋಣ."

"ಹೆಂಗೆ ಇಳೀಲಿ? ಅವತ್ತಿಂದ ನೀನು ಬಾಯೇ ಬಿಟ್ಟಿಲ್ಲ."

"ಹೆದ್ರಿಕೆ ಆಯ್ತು ಕಣೋ... ತಪ್ಪಾಯ್ತು."

"ಅಮ್ಮಂಗೆ ಎಂತ ಹೇಳಿದೆ?"

ಧರ್ಮೇಶ ಮೊಬೈಲ್ ಬೆಳಕು ಕಾಲಬುಡಕ್ಕೆ ತಿರುಗಿಸಿದ.

"ಇಳಿದ ಅಂದೆ ಅಲ್ವಾ? ಹಾಂ... ಹಾಗಾದ್ರೆ ಇಳಿಸು."

ಆಮೇಲೆ ಬಂತು. ಸಣ್ಣಗೆ, ಉದ್ದಕ್ಕೆ. "ಕೂ..."

ಓಡಬೇಕು ಅನ್ನಿಸಿತು. ಒಂದು ಕಾಲು ಕಿತ್ತೂ ಇಟ್ಟ. ಆದರೆ ಹನ್ನೊಂದು ವರ್ಷ ಓಡಿ ಸಾಕಾಗಿತ್ತು. ವಾಪಸ್ ಬಂದು ಕಾಂಡ ತಬ್ಬಿದ, ತಲೆ ತಗ್ಗಿಸಿದ, ಹೆಗಲು ಕೊಟ್ಟು ನಿಂತ. "ಕೂ" ಅಂದ.

ಟಕ್. ಗೂಟದ ಮೇಲೆ ಕಾಲಿಟ್ಟ ಸದ್ದು. ಟಕ್... ಟಕ್... ಗೂಟಗಳೆಲ್ಲ ಕೊಳೆತು ಲಡ್ಡಾಗಿ ಎಂದೋ ಉದುರಿಹೋಗಿದ್ದವು. ಬೋಳು ಕಾಂಡದ ಮೇಲೆ ಬರೀ ಸದ್ದು ಇಳಿಯುತ್ತಾ ಬಂತು.

ಎಡ ಹೆಗಲ ಮೇಲೆ ಒಂದು ಪಾದ. ತಣ್ಣಗೆ. ಬಲ ಹೆಗಲ ಮೇಲೆ ಇನ್ನೊಂದು.

ನೆಲಕ್ಕೆ ಹಾರಲಿ ಅಂತ ಧರ್ಮೇಶ ಕಾದ. ಕಾದ...

"ಇಳಿಯೋ..." ಹೆಗಲು ಕೊಡವಿ ನೋಡಿದ.

ಕಿವಿಯ ಹತ್ತಿರವೇ ಬಗ್ಗಿ ಹೇಳಿತು. "ಅಮ್ಮಂಗೆ ನಿಜ ಹೇಳು. ಹೇಳಿದ ಮೇಲೆ ಇಳೀತೀನಿ. ನಡಿ."

ನಡೆದ. ಬೆಳಕು ಹರಿಯುವ ಹೊತ್ತಿಗೆ ಸೀತಕ್ಕನ ಅಂಗಳ ಮುಟ್ಟಿದ. ಮುದುಕಿ ಪೊರಕೆ ಹಿಡಿದುಕೊಂಡೇ ಹೊರಗೆ ಬಂದಳು. "ಯಾರು, ಧರ್ಮೇಶನಾ? ನಮ್ಮ ಗುರುವನ ಸುದ್ದಿ ಏನಾದ್ರೂ ಸಿಕ್ತೇನೋ ಮಗಾ?"

ಆ ಮುಖ ನೋಡಿ ನಿಜ ಹೇಳಲು ಅವನಿಂದ ಆಗಲಿಲ್ಲ.

"ಇಲ್ಲ ಸೀತಕ್ಕ... ಹಿಂಗೇ ಬಂದೆ" ಅಂದುಬಿಟ್ಟ.

ಅವತ್ತು ನಾನು ಕೊಪ್ಪದಲ್ಲಿದ್ದೆ. ಬಸ್ಸು ಇಳಿದ ಧರ್ಮೇಶನಿಗೆ ಕತ್ತೇ ಎತ್ತೋಕಾಗ್ತಿರಲಿಲ್ಲ. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರನ್ನು ನೋಡುವ ಮುಂಚೆ ನರ್ಸ್ ಶಾಂಭವಿ ಅವನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದಳು. ಧರ್ಮೇಶ ಕಡ್ಡಿ ಮನುಷ್ಯ, ಐವತ್ತು ಕೇಜಿ ಎಂದೂ ದಾಟಿದವನಲ್ಲ. ಮುಳ್ಳು ಹೋಗಿ ನೂರಾ ಮೂರಕ್ಕೆ ನಿಂತಿತು.

"ಮಿಷನ್ ಕೆಟ್ಟಿದೆ" ಅಂತ ಅವಳು ಅವನನ್ನು ಇಳಿಸಿ ತಾನೇ ಹತ್ತಿದಳು. ಐವತ್ತಾರು. ನನ್ನನ್ನು ಹತ್ತಿಸಿದಳು. ಅರವತ್ತೆರಡು, ಸರಿಯಾಗಿಯೇ ಇತ್ತು. ಅವನನ್ನು ಮತ್ತೆ ನಿಲ್ಲಿಸಿದಳು.

ನೂರಾ ಮೂರು.

ಮುಳ್ಳು ನಾನೇ ಬಗ್ಗಿ ನೋಡಿದ್ದೇನೆ, ಒಂದಲ್ಲ ಎರಡು ಸಲ. ಶಾಂಭವಿ ಚೀಟಿಯಲ್ಲಿ ತೂಕ ಬರೆಯುವ ಜಾಗ ಖಾಲಿ ಬಿಟ್ಟಳು.