ಚಾವಿ ತೆಗೆದರೂ ನಿಲ್ಲದ ಟ್ಯಾಕ್ಸಿ

ಏಪ್ರಿಲ್ ಹನ್ನೆರಡನೇ ತಾರೀಖು, ಆಕಾಶ ಬೂದಿ ಬಣ್ಣ, ಗಾಳಿ ಒಂಚೂರೂ ಇಲ್ಲ. ಆವತ್ತ ಮೊದಲನೇ ಸಲ, ಚಾವಿ ತೆಗದು ಕಿಸೆದಾಗ ಹಾಕ್ಕೊಂಡ್ರೂ ಗಾಡಿ ನಿಲ್ಲಲಿಲ್ಲ. ನಗಬ್ಯಾಡ ಸ್ನೇಹಾ, ನಿನ್ನ ಗಾಡಿ ಬಟನ್ ಒತ್ತಿದ್ರ ಸುಮ್ಮನಾಗ್ತದ, ನಮ್ಮ ಕಾಳಿ-ಪೀಲಿ ಟ್ಯಾಕ್ಸಿ ಹಂಗಿರಲಿಲ್ಲ. ಕುರ್ಲಾ ಸ್ಟೇಷನ್ ಹೊರಗ ಟ್ಯಾಕ್ಸಿ ಸ್ಟ್ಯಾಂಡಿನ್ಯಾಗ ನಿಲ್ಲಿಸೀನಿ, ಇಳದೀನಿ, ಬಾಗಿಲಾ ಹಾಕೀನಿ. ಒಳಗ ಯಾರೂ ಇಲ್ಲ. ಎಂಜಿನ್ ಮಾತ್ರ ಗಡ್... ಗಡ್... ಗಡ್ ಅಂತ ಕೆಮ್ಮತದ. ಎಂಟು ಸಲ. ಇಲ್ಲ, ಹತ್ತು ಸಲ ಇರಬೇಕು. ಸೀಟು ಅಲಗಾಡ್ತದ, ಯಾರೋ ಸರದು ಕೂತಂಗ.

ನನಗಿಂತ ಮೊದಲು ಆ ಗಾಡಿ ಓಡಸ್ತಿದ್ದ ಪಾಂಡು ಸ್ಟೇರಿಂಗ್ ಮ್ಯಾಲೆ ತಲಿ ಇಟ್ಟು ಸತ್ತಿದ್ದ. ಯಾರೂ ಮುಟ್ಟದ ಗಾಡಿ, ಹಂಗಾಗೇ ಬಿಜಾಪುರದಿಂದ ಬಂದ ಹೊಸಬಗ, ನನಗ, ಸಿಕ್ಕಿತ್ತು. ಸ್ಟ್ಯಾಂಡಿನವರು ಚಾ ಕುಡೀತಾ ನಗೋರು: "ಪಾಂಡೂಚಿ ಶಿಫ್ಟ್ ಅಜೂನ್ ಸಂಪ್ಲೀ ನಾಹೀ!" ಪಾಂಡುನ ಪಾಳಿ ಇನ್ನೂ ಮುಗದಿಲ್ಲ ಅಂತ. ನಾನೂ ನಕ್ಕೆ. ನನಗ ಕಾರಣ ಗೊತ್ತಿತ್ತಲ್ಲ. ರೊಕ್ಕಾ ಉಳಸಾಕ ಪೆಟ್ರೋಲಿಗೆ ನಾ ಸೀಮೆಎಣ್ಣಿ ಕೂಡಸ್ತಿದ್ದೆ. ನಮ್ಮಕ್ಕ, ಅಂದ್ರ ನಿಮ್ಮವ್ವ, ರೇಷನ್ ಸಾಲಿನ್ಯಾಗ ನಿಂತು ಸ್ಟೋವಿಗೆ ಅಂತ ತಂದ ಎಣ್ಣಿ. ಮಾಲೀಕಗ ತಿಳದ್ರ ಗಾಡಿ ಕಸಗೋತಿದ್ದ, ಗಾಡಿ ಹೋದ್ರ ಬಾಡಗಿ ಕಟ್ಟಾಕಾಗದ ಚಾಳಿನ ಖೋಲಿನೂ ಹೋಗ್ತಿತ್ತು. ಅದಕ ದೆವ್ವದ ಮಾತು ನನಗ ಬೇಕಾಗಿತ್ತು. ಲಿಂಬಿಹಣ್ಣು, ಮೆಣಸಿನಕಾಯಿ ನಾನ ಕಟ್ಟಿದೆ. ಆದ್ರ ಏನಂತಿ, ಕಾರಣ ಗೊತ್ತಿದ್ದೂ ಅಂಜಿಕಿ ಬರ್ತದ. ದಿನಾ ಚಾವಿ ತೆಗದು ಅದು ನಿಲ್ಲೂತನಾ ಕೂತಿರತಿದ್ದೆ, "ಸಾಕೋ ಪಾಂಡು, ಮನೀಗೆ ಹೋಗು" ಅಂತಿದ್ದೆ.

ಕಡೀಗೆ ಮಾಲೀಕ ನನ್ನ ದಸ್ತಗೀರ ಮಿಸ್ತ್ರಿ ಕಡೆ ಕಳಿಸಿದ. ಅಂವ ನಮ್ಮ ಸಿಂದಗಿ ಕಡೆಯಾಂವ, ಸ್ಟೇಷನ್ ಹಿಂದ ಗ್ಯಾರೇಜು. "ದೆವ್ವ ಗಿವ್ವ ಏನಿಲ್ಲೋ ತಮ್ಮಾ. ಚಾವಿ ತೆಗದ್ರ ಕಿಡಿ ನಿಲ್ತದ, ಅಷ್ಟ. ಒಳಗ ಮಸಿ ಕೆಂಪಗ ಕಾದಿದ್ರ ಅದ ಕಿಡಿ ಆಗ್ತದ. ಪೆಟ್ರೋಲ್‌ನ್ಯಾಗ ಏನರ ಕೂಡಸ್ತಿ ಏನು?" "ಇಲ್ಲ ಭಾಯಿ, ನಿನ್ನಾಣಿ." ಹಿಂಗ ಅಂದೆ ನೋಡು. ಆಣಿ ಮಾಡಿ ಅಂದೆ.

ಅಂವ ನಂಬಿದ. ಮೊದಲು ಗಾಡಿ ನಿಂತಾಗ ಎಂಜಿನ್ ತಿರುಗೋ ಓಟ ಇಳಿಸಿದ. ಆಮ್ಯಾಲೆ ಪ್ಲಗ್ ತೆಗದ, ಕರ್ರಗಿದ್ದವು, ಬದಲಿ ಮಾಡಿದ. ಮೂರನೇ ಸಲ ಎಂಜಿನ್ನಿನ ಹೆಡ್ ಬಿಚ್ಚಿ ಒಂದಿಡೀ ದಿನಾ ಮಸಿ ಕೆರದ, ಟೈಮಿಂಗ್, ಅಂದ್ರ ಕಿಡಿ ಹಾರೋ ಹೊತ್ತು, ಹೊಸದಾಗಿ ಇಟ್ಟ. ನಾ ಏನು ಮಾಡತಿದ್ದೆ ಅಂದ್ರ, ಗ್ಯಾರೇಜಿಗೆ ಹೋಗೋ ದಿನಾ ಟಾಕಿ ಖಾಲಿ ಮಾಡಿ ಬರೇ ಪೆಟ್ರೋಲ್ ಹಾಕಸ್ತಿದ್ದೆ. ಅವನ ಮುಂದ ಚಾವಿ ತಿರುವಿದ್ರ ಗಪ್ಪಂತ ನಿಲ್ತಿತ್ತು. "ನನ್ನ ಮುಂದ ಸುಮ್ಮಿರ್ತದ, ನಿನ್ನ ಕೂಡ ಹೋಗಿ ಒದರತದ, ಗಾಡಿನೋ, ಹೆಂಡ್ತಿನೋ ಇದು?" ಅಂತ ನಗತಿದ್ದ. ಬರಬರ್ತಾ ನಗೂದು ಬಿಟ್ಟ. "ಟೈಮಿಂಗ್ ನಾನ ತಪ್ಪಿರಬೇಕು. ಇಪ್ಪತ್ತು ವರ್ಷದಾಗ ಹಿಂಗಾಗಿಲ್ಲ" ಅಂದ. ಆಗರ ನಾ ಹೇಳಬೇಕಾಗಿತ್ತು.

ಒಂದಿನ ಮಧ್ಯಾಹ್ನ ಹೇಳದ ಕೇಳದ ತಾನ ಸ್ಟ್ಯಾಂಡಿಗೆ ಬಂದ. ಟಾಕಿ ತುಂಬ ಕೂಡಿಸಿದ ಎಣ್ಣಿ. "ಚಾಲು ಮಾಡು" ಅಂದ. ಮಾಡಿದೆ. ಡ್ರೈವರುಗಳು ಕೂಡಿದ್ರು. ಬಾನೆಟ್ ಎತ್ತಿದ, ಕಿಡಕಿಯೊಳಗ ಕೈ ಹಾಕಿ ಚಾವಿ ತಾನ ತೆಗದ, ಮುಂದ ಬಂದು ನಿಂತ. ಎಂಜಿನ್ ಎರಡು ಸಲ ಕೆಮ್ಮಿತು, ಫ್ಯಾನು ಒಂದೊಂದ ರೆಕ್ಕಿ ಕಾಣುವಷ್ಟು ಮೆತ್ತಗಾತು, ನಿಂತಂಗನ ಆತು. "ನೋಡಿದೇನು?" ಅಂತ ನನ್ನ ಕಡೆ ನೋಡಿ ನಕ್ಕ. ನಗತಾನ ಫ್ಯಾನಿನ ಪಟ್ಟಾ ಬಿಗಿ ಅದನೋ ಇಲ್ಲೋ ನೋಡಾಕ ಕೈ ಹಾಕಿದ. ನನ್ನ ಬಾಯಿ ತೆರದಿತ್ತು ಸ್ನೇಹಾ. ಗಡ್ ಅಂತು. ಒಂದ ಸಲ.

ದವಾಖಾನ್ಯಾಗ ಅವನ ಕೈ ತುಂಬ ಪಟ್ಟಿ ಕಟ್ಟಿದ್ರು. "ಈಗರ ಹೇಳು" ಅಂದ. ಹೇಳಿದೆ. ಬೈತಾನ ಅಂದ್ಕೊಂಡಿದ್ದೆ. ಬೈದಿದ್ರ ಛಲೋ ಇತ್ತು. "ಹಂಗಾದ್ರ ನಾ ಇಟ್ಟ ಟೈಮಿಂಗ್ ಸರಿ ಇತ್ತು" ಅಂದು, ಗ್ವಾಡಿ ಕಡೆ ಮುಖಾ ತಿರುವಿದ.

ಈಗೂ ನಮ್ಮ ಬೊರಿವಲಿ ಬಿಲ್ಡಿಂಗ್ ಕೆಳಗ ಯಾರರ ಗಾಡಿ ಬಂದ್ ಮಾಡಿದ್ರ ನಾ ನಿಂತು ಕೇಳತೀನಿ. ಪಾಂಡು ಅಲ್ಲ, ದಸ್ತಗೀರ ನನಗ ಕಾಣೋದು. ಮಿಸ್ತ್ರಿ ಏನು ಮಾಡೀದಿ ಅಂತ ಕೇಳಿದ್ರ ಮಾಡಿದ್ದು ಹೇಳಿಬಿಡ್ರಿ, ಅಷ್ಟ.

ಏನಂದಿ? "ಮಾಮಾ, ಫಿರ್ ಬಿಲ್ ಕಿತ್ನಾ ಹುವಾ?" ಬಿಲ್ ಎಷ್ಟಾತು ಅಂತೇನು? ಮೂರು ಸಲ ರೊಕ್ಕಾ ತಗೊಂಡು ಹೋದೆ, ಅಂವ ಮುಟ್ಟಲಿಲ್ಲವ್ವ. ನನ್ನಿಂದ ಒಂದು ಪೈಸೆ ಹೋಗಲಿಲ್ಲ. ಅವಂದು ಬಲಗೈಯಿಂದ ಎರಡು ಬೆರಳು ಹೋದವು.