ಉಡಿ ತುಂಬಿಸಿಕೊಂಡು ಹೋದ ದೆವ್ವ

ಸಿದ್ದರಾಮೇಶನ ಸತ್ತ ಹೆಂಡತಿ ಬಾವಿಯಿಂದ ಎದ್ದು ಬಂದು ಅವನ ಬದುಕಿದ್ದ ಹೆಂಡತಿಯನ್ನು ಕರೆದುಕೊಂಡು ಹೋದಳು. ಊರಿನಲ್ಲಿ ಇದನ್ನು ನಂಬದವರು ಒಬ್ಬರೂ ಇಲ್ಲ. ಅವರಿಗೆ ನಂಬಲು ಕಷ್ಟವಾದದ್ದು ಬೇರೆ... ಸಿದ್ದರಾಮೇಶ ಹೆಂಡತಿಯನ್ನು ಹೊಡೆಯುತ್ತಾನೆ ಎಂಬುದು.

ಊರು ಅಫಜಲಪುರ ತಾಲೂಕಿನದು, ಭೀಮಾ ದಂಡೆಗೆ ಹತ್ತಿರ. ಹೆಸರು ಹೇಳುವುದಿಲ್ಲ. ಕಣ್ಣಾರೆ ಕಂಡವನು ನನ್ನ ಚಿಕ್ಕಪ್ಪನ ಮಗ ಗುರುನಾಥ, ಬಸ್ ಕಂಡಕ್ಟರ್. ಸುಳ್ಳು ಕಟ್ಟುವಷ್ಟು ತಲೆ ಅವನಿಗಿಲ್ಲ ಎಂಬುದು ನಮ್ಮ ಮನೆಯವರೆಲ್ಲರ ಅಭಿಪ್ರಾಯ.

ಹೋದ ವರ್ಷದ ಎಳ್ಳ ಅಮಾಸಿ ರಾತ್ರಿ. ಹೊಲಕ್ಕೆ ಹೋಗಿ ಭಜ್ಜಿ ರೊಟ್ಟಿ ತಿಂದು ಬಂದ ಊರು ಹೊಟ್ಟೆ ಭಾರವಾಗಿ ಮಲಗಿತ್ತು. ಗುರುನಾಥನದು ವಸ್ತಿ ಬಸ್ಸು. ರಾತ್ರಿ ಬಂದು ಊರ ಹೊರಗೆ ನಿಲ್ಲುತ್ತದೆ, ಬೆಳಗಿನ ಜಾವ ಹೊರಡುತ್ತದೆ. ಡ್ರೈವರ್ ಸರ್ದಾರ ಹಿಂದಿನ ಸೀಟಿನಲ್ಲಿ ಮುಸುಕು ಹಾಕಿಕೊಂಡ. ಗುರುನಾಥ ಮನೆ ಕಡೆ ನಡೆದ.

ದಾರಿಯಲ್ಲಿ ಆಲದ ಮರ. ಮರದ ಕೆಳಗೆ ಬಾವಿ. ಕರೆಂಟ್ ಇರಲಿಲ್ಲ. ಒಣಗಿದ ಎಲೆ ಕಲ್ಲಿನ ಮೇಲೆ ಜರುಗುತ್ತಿತ್ತು... ಸರ್... ಸರ್. ಬಾವಿಯೊಳಗೆ ಏನೋ ಉದುರಿತು. ಗುಳುಕ್.

ಆಮೇಲೆ ಹಿಂದಿನಿಂದ ಚಪ್ಪಲಿ ಸದ್ದು. ಚಟ್... ಚಟ್... ಚಟ್. ಇವನು ನಿಂತ. ಅದೂ ನಿಂತಿತು.

"ಯಾರದು?"

ಪಿಸುಮಾತಿನಲ್ಲಿ ಉತ್ತರ ಬಂತು. ಹೆಣ್ಣು ದನಿ. "ಸಿದ್ದರಾಮೇಶನ ಮನಿ ಬಾಗಲಾ ಹಾಕ್ಯಾರೇನ್ರಿ?"

ಗುರುನಾಥ ಮೊಬೈಲ್ ಬೆಳಕು ಎತ್ತಿದ. ಸೆರಗು ಸರಿಯಿತು. ಭಾಗ್ಯವಂತಿ... ಸಿದ್ದರಾಮೇಶನ ಮೊದಲ ಹೆಂಡತಿ. ನಾಲ್ಕು ವರ್ಷದ ಹಿಂದೆ ಅದೇ ಬಾವಿಗೆ ಬಿದ್ದು ಸತ್ತವಳು.

ಸತ್ತವಳು ಅಂದರೆ ಹೀಗೆ. ಒಂದು ಬೆಳಗ್ಗೆ ಅವಳ ಚಪ್ಪಲಿ ಬಾವಿ ಕಟ್ಟೆಯ ಮೇಲಿದ್ದವು. ಅವಳು ಇರಲಿಲ್ಲ. ಹೆಣ ತೇಲಲಿಲ್ಲ. ಕೆಸರು ಬಹಳ, ತಳದಲ್ಲಿ ಕೂತಿರಬೇಕು ಎಂದು ಹಿರಿಯರು ತೀರ್ಮಾನಿಸಿದರು. ಇಳಿದು ನೋಡುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅವಳು ಗೋಡೆಯ ಜೊತೆ ಮಾತಾಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆ ಎದ್ದರೂ ನೋಡುತ್ತ ಕೂತಿರುತ್ತಿದ್ದಳು. "ತಲಿ ಕೆಟ್ಟಿತ್ತು ಬಿಡ್ರಿ" ಎಂದಳು ಅತ್ತೆ ನಿಂಬೆವ್ವ. ಯಾಕೆ ಕೆಟ್ಟಿತ್ತು ಎಂದು ಯಾರೂ ಕೇಳಲಿಲ್ಲ. ಸತ್ತವರ ದಿನ ಮಾಡಿದರು, ಊಟ ಹಾಕಿಸಿದರು. ಊಟ ಚೆನ್ನಾಗಿತ್ತಂತೆ.

ಸಿದ್ದರಾಮೇಶನಿಗೆ ಗೊಬ್ಬರದ ಅಂಗಡಿ. ಕುಡಿಯುವುದಿಲ್ಲ. ನಮ್ಮ ಕಡೆ ಅದನ್ನೇ ಒಂದು ಪದವಿ ಎಂದು ತಿಳಿಯುತ್ತಾರೆ. ವರ್ಷ ತುಂಬುವುದರೊಳಗೆ ಯಡ್ರಾಮಿ ಕಡೆಯಿಂದ ಶೈಲಶ್ರೀಯನ್ನು ಮಾಡಿಕೊಂಡ. ಸತ್ತ ಸವತಿ ಕಾಡಬಾರದೆಂದು ಅವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿ ತಗಡು ಮಾಡಿಸಿ ಹೊಸಬಳ ಕೊರಳಿಗೆ ಕಟ್ಟಿದರು. ಬದುಕಿದ್ದ ಗಂಡ ಕಾಡದಂತೆ ಕಟ್ಟುವ ತಗಡು ಇನ್ನೂ ಯಾರೂ ಮಾಡಿಲ್ಲ.

ಹೊಡೆಯುವ ಮೊದಲು ಅವನು ಚಿಲಕ ಹಾಕುತ್ತಿದ್ದ, ಕಟಕ್. ಆಮೇಲೆ ಟಿವಿಯ ದನಿ ಏರಿಸುತ್ತಿದ್ದ. ಓಣಿಗೆಲ್ಲ ಧಾರಾವಾಹಿ ಕೇಳುತ್ತಿತ್ತು. ಅದರ ಕೆಳಗಿನ ಸದ್ದು ಕೇಳದಿರುವಷ್ಟು ಸಭ್ಯರು ಓಣಿಯವರು.

ಎರಡು ವರ್ಷಕ್ಕೆ ಶೈಲಶ್ರೀ ಮಲಗುವುದು ಬಿಟ್ಟಳು. ಮಂಚದ ಕೆಳಗೆ ಹೋಗಿ ಕೂಡುವಳು. ಬಿ.ಎ. ಎರಡನೇ ವರ್ಷದವರೆಗೆ ಓದಿದ ಹುಡುಗಿ, ಸಂತೆಗೆ ಹೋದರೆ ಏನು ತರಲು ಬಂದೆ ಎಂಬುದನ್ನೇ ಮರೆತು ನಿಲ್ಲುವಳು. ಪಕ್ಕದ ಮನೆಯ ಚಿಲಕ ಬಿದ್ದರೂ ಸೀರೆ ಒದ್ದೆಯಾಗುತ್ತಿತ್ತು. ತವರಿಗೆ ಫೋನ್ ಮಾಡಿದಳು. "ಹೊಂದಿಕೊಂಡು ಹೋಗವ್ವ" ಎಂದ ಅಪ್ಪ. ಮೂಳೆ ಮುರಿದವಳಿಗೂ ನಮ್ಮಲ್ಲಿ ಇದೇ ಔಷಧ.

ಒಂದು ಸಂಜೆ ಅವನು ಕೈ ಎತ್ತಿದಾಗ ಅವಳ ಕಣ್ಣು ಮೇಲೆ ಹೋಯಿತು. ದನಿ ಬದಲಾಯಿತು. "ನಾ ಶೈಲಶ್ರೀ ಅಲ್ಲ. ಭಾಗ್ಯವಂತಿ. ಹೊಡಿ ನೋಡೋಣು."

ಎತ್ತಿದ ಕೈ ಹಾಗೆಯೇ ನಿಂತಿತು.

ದೆವ್ವ ಮೈಮೇಲೆ ಇದ್ದಾಗ ಮುಟ್ಟಬಾರದು. ಹೆಸರು ಕೇಳಬೇಕು, ಏನು ಬೇಕೆಂದು ಕೇಳಬೇಕು, ಕೇಳಿದ್ದನ್ನು ಕೊಟ್ಟು ಕಳಿಸಬೇಕು. ಇದು ಪದ್ಧತಿ, ನಿಂಬೆವ್ವ ಇದರಲ್ಲಿ ಬಲು ಕಟ್ಟುನಿಟ್ಟು. "ಬರ್ರಿ ತಾಯಿ, ಕೂಡ್ರಿ. ಹೋಳಿಗಿ ತಿಂತೀರೇನ್ರಿ?" ದೆವ್ವ ಹೋಳಿಗೆ ತಿನ್ನುತ್ತಿತ್ತು. ಇಳಿದು ಹೋದ ಮರುಗಳಿಗೆ, "ಏ ಬೇ, ಎದ್ದು ಭಾಂಡಿ ತಿಕ್ಕು." ಆ ಮನೆಯಲ್ಲಿ ಹೆಂಗಸಿಗೆ ಮರ್ಯಾದೆ ಸಿಗಬೇಕಾದರೆ ಸತ್ತಿರಬೇಕಿತ್ತು. ಶೈಲಶ್ರೀಯ ಮನಸ್ಸು ಅದನ್ನು ಕಂಡುಕೊಂಡಿತ್ತು. ಪಾಪ, ಅವಳಿಗೇ ಗೊತ್ತಿರಲಿಲ್ಲ. ಎಚ್ಚರವಾದ ಮೇಲೆ ಏನು ಹೇಳಿದೆ ಎಂಬುದೂ ನೆನಪಿರುತ್ತಿರಲಿಲ್ಲ.

ಪಕ್ಕದ ಮನೆಯ ಅಮೀರುನ್ನಿಸಾ ಆಶಾ ಕಾರ್ಯಕರ್ತೆ. ಏನೋ ನೆಪ ಹೇಳಿ ಅವಳನ್ನು ಒಮ್ಮೆ ಕಲಬುರಗಿಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿದಳು. ಬಂದು ನಿಂಬೆವ್ವನಿಗೆ ಹೇಳಿದಳು:

"ದೆವ್ವ ಅಲ್ಲವ್ವಾ ಇದು. ಹೊಡ್ತ ತಿಂದು ತಿಂದು ಹಿಂಗಾಗ್ಯಾದ. ಡಾಕ್ಟರ್ ಗುಳಿಗಿ ಕೊಟ್ಟಾರ. ಹೊಡ್ಯೋ ಮನ್ಯಾಗ ಇಟ್ರ ಗುಳಿಗಿ ಹತ್ತಂಗಿಲ್ಲ ಅಂದಾರ."

"ನನ್ನ ಮಗ ಹೊಡ್ಯಾಂಗಿಲ್ಲ. ಅಕಿನೇ ಬೀಳ್ತಾಳ."

"ದಿನಾ ಬೀಳ್ತಾಳ?"

"ದೆವ್ವ ಬೀಳಸ್ತದ."

ಗುಳಿಗೆ ಬಚ್ಚಲಿಗೆ ಹೋದವು. ಆಳಂದ ಕಡೆಯಿಂದ ದೆವ್ವ ಬಿಡಿಸುವ ಧರ್ಮಣ್ಣ ಮುತ್ಯಾ ಬಂದ. ಲಿಂಬಿಹಣ್ಣು ಕೊಯ್ದ, ಮೂಸಿ ನೋಡಿದ. ಗಟ್ಟಿ ದೆವ್ವ, ನನ್ನಲ್ಲಿ ತಂದು ಬಿಡಬೇಕು, ತಿಂಗಳೊಪ್ಪತ್ತು ಕಂಬಕ್ಕೆ ಸರಪಳಿ ಹಾಕಿ ಬೇವಿನ ಬರಲಿನಿಂದ ಹೊಡೆದು ಇಳಿಸುತ್ತೇನೆ ಎಂದ. ಹೊಡೆತದಿಂದ ಬಂದದ್ದಕ್ಕೆ ಹೊಡೆತವೇ ಮದ್ದು. ಅಮಾಸಿ ಮರುದಿನ ಬೆಳಗ್ಗೆ ಜೀಪು ಕಳಿಸುತ್ತೇನೆ ಎಂದು ಹೇಳಿ ಹೋದ. ಅವನಲ್ಲಿಗೆ ಹೋದ ಹೆಂಗಸರಲ್ಲಿ ಒಬ್ಬಳು ಹೋದ ಬೇಸಿಗೆಯಲ್ಲಿ ಕಂಬದ ಬಳಿಯೇ ಸತ್ತಿದ್ದಳು. ದೆವ್ವ ಜೊತೆಗೇ ಒಯ್ದಿತು ಎಂದು ಅದಕ್ಕೂ ಉತ್ತರವಿತ್ತು.

ಜೀಪು ಬರುವವರೆಗೆ ಶೈಲಶ್ರೀಯನ್ನು ಒಳಕೋಣೆಯಲ್ಲಿ ಹಾಕಿ ಬೀಗ ಜಡಿದರು. ಅಮೀರುನ್ನಿಸಾ ಜಗಳ ಮಾಡಲಿಲ್ಲ. ಫೋನ್ ಹಿಡಿದು ಹಿತ್ತಲಿಗೆ ಹೋದಳು.

ಆ ಅಮಾಸಿ ರಾತ್ರಿಯೇ ಗುರುನಾಥ ಬಾವಿಯ ಹತ್ತಿರ ಭಾಗ್ಯವಂತಿಯನ್ನು ಕಂಡದ್ದು. ಅವನು ಓಡಲಿಲ್ಲ. ಅವಳು ಅವನನ್ನು ದಾಟಿ ಮುಂದೆ ಹೋದಳು. ಇವನ ಮನೆಯೂ ಅದೇ ಓಣಿ. ದೂರ ಬಿಟ್ಟು ಹಿಂದೆ ನಡೆದ. ಅವಳು ಬಾಗಿಲು ಬಡಿದಳು. ಧಡ್... ಧಡ್... ಧಡ್. ಓಣಿಯ ಕಿಟಕಿಗಳು ಬೆರಳಷ್ಟು ತೆರೆದವು. ಹೊಡೆತದ ಸದ್ದಿಗೆ ಒಮ್ಮೆಯೂ ತೆರೆಯದ ಕಿಟಕಿಗಳು.

ಸಿದ್ದರಾಮೇಶ ಟಾರ್ಚ್ ಹಿಡಿದು ಬಂದ. "ಯಾವಳ ಬೇ ಅದು, ಇಷ್ಟ್ ಹೊತ್ತಿನ್ಯಾಗ..."

ಬೆಳಕಿನಲ್ಲಿ ಭಾಗ್ಯವಂತಿಯ ಮುಖ ಕಂಡಿತು. ಟಾರ್ಚು ಬಿತ್ತು, ಠಣ್ ಎಂದು, ಉರುಳಿ ಮೋರಿ ಸೇರಿತು. ಇಬ್ಬರು ಹೆಂಡಿರ ಮೇಲೆ ಕೈ ಮಾಡಿದ ಗಂಡಸು ಹೊಸ್ತಿಲಲ್ಲಿ ನಿಂತು ಧೋತ್ರ ಒದ್ದೆ ಮಾಡಿಕೊಂಡ. ಅವನಿಗೆ ದೆವ್ವ ಹಿಡಿದಿದೆ ಎಂದು ಯಾರೂ ಹೇಳಲಿಲ್ಲ.

ನಿಂಬೆವ್ವ ಪದ್ಧತಿ ಮರೆಯಲಿಲ್ಲ. ಕೈ ಮುಗಿದಳು. "ಬರ್ರಿ ತಾಯಿ... ಏನ್ ಬೇಕ್ರಿ ನಿಮಗ?"

"ಅಕಿ ಬೇಕು."

"ಬ್ಯಾರೆ ಏನರೆ ಕೇಳ್ರಿ. ಹಸರ ಸೀರಿ ಕೊಡ್ತೇನಿ. ಬಾವಿಗೆ ಎಡಿ ಕೊಡ್ತೇನಿ, ವರ್ಷಾ ಕೊಡ್ತೇನಿ..."

"ಅಕಿ ಇಲ್ಲಂದ್ರ ನಿನ್ನ ಮಗ ಆದ್ರೂ ನಡೀತದ."

ಮುದುಕಿ ಸೊಂಟದಿಂದ ಬೀಗದ ಕೈ ತೆಗೆದಳು.

ಒಳಕೋಣೆ ತೆರೆದು, ಸೊಸೆಯ ರಟ್ಟೆ ಹಿಡಿದು ತಾನೇ ಹೊರಗೆ ತಂದಳು. ಮೇಲೆ ಇನ್ನೊಂದು ಮಾಡಿದಳು. ದೆವ್ವ ಬರಿಗೈಯಲ್ಲಿ ಹೋದರೆ ಮತ್ತೆ ಬರುತ್ತದೆ ಎಂದು ಅಕ್ಕಿ, ಕೊಬ್ಬರಿ, ಒಂದು ಖಣ ತಂದು ಹೊಸ್ತಿಲ ಮೇಲೆ ಭಾಗ್ಯವಂತಿಗೆ ಉಡಿ ತುಂಬಿದಳು. ಬದುಕಿದ್ದಾಗ ಆ ಮನೆಯಲ್ಲಿ ಒಮ್ಮೆಯೂ ಆಗದ ಮರ್ಯಾದೆ. ಭಾಗ್ಯವಂತಿ ಸೆರಗೊಡ್ಡಿ ಹಾಕಿಸಿಕೊಂಡಳು.

ಶೈಲಶ್ರೀ ಕಿರುಚಲಿಲ್ಲ. ಎದುರಿದ್ದ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. ಗೋಡೆಗೆ ಆತು ನಿಂತಿದ್ದ ಗುರುನಾಥನಿಗೆ ಕೇಳಿಸಿತು.

"ಈಗ ನಾ ಸತ್ತೇನೇನು?"

"ಇಲ್ಲ ಬೇ. ಚಪ್ಪಲಿ ಹಾಕ್ಕೋ. ಥಂಡಿ ಅದ."

ಇಬ್ಬರೂ ಆಲದ ಮರದ ಕಡೆ ಹೋದರು. ಎರಡು ಜೊತೆ ಚಪ್ಪಲಿ. ಚಟ್ ಚಟ್... ಚಟ್ ಚಟ್... ಆಮೇಲೆ ಅದೂ ಇಲ್ಲ.

ಬೆಳಗಾದ ಮೇಲೆ ಜನ ಬಾವಿಗೆ ಇಣುಕಿದರು. ನೀರು ಅಲುಗಾಡುತ್ತಿತ್ತು ಎಂದರು. ನೀರು ಅಲುಗಾಡದೆ ಇನ್ನೇನು ಮಾಡಬೇಕು? ಧರ್ಮಣ್ಣ ಮುತ್ಯಾ ಜೀಪಿನಲ್ಲಿ ಬಂದವನು ವಿಷಯ ಕೇಳಿ ಕೆಳಗೆ ಇಳಿಯದೆ ಹಾಗೇ ತಿರುಗಿಸಿಕೊಂಡು ಹೋದ. ಶೈಲಶ್ರೀಯ ದಿನವನ್ನೂ ಮಾಡಿದರು. ಸಿದ್ದರಾಮೇಶ ಈಗ ಎರಡು ಬೆಳ್ಳಿ ತಗಡು ಮಾಡಿಸಿಟ್ಟಿದ್ದಾನೆ. ಕಟ್ಟಲು ಮೂರನೆಯ ಕೊರಳು ಸಿಕ್ಕಿಲ್ಲ. ಜೇವರ್ಗಿಯಿಂದ ಆಳಂದದವರೆಗೆ ದೆವ್ವದ ಮನೆ ಎಂದರೆ ಹೆಣ್ಣು ಕೊಡುವವರಿಲ್ಲ. ಹೊಡೆಯುವ ಮನೆ ಎಂದಾಗ ಕೊಟ್ಟಿದ್ದರು.

ಊರ ಕಟ್ಟೆಯ ಮೇಲೆ ಗುರುನಾಥನನ್ನು ಇನ್ನೂ ಕೇಳುತ್ತಾರೆ. "ಪಾದ ಹಿಂದಮುಂದ ಇದ್ವೇನೋ ಲೇ?"

"ಇದ್ವು" ಅನ್ನುತ್ತಾನೆ ಅವನು, ಮುಖ ಅಲುಗಿಸದೆ.

ನಡೆದದ್ದು ನಿಜ. ಒಂದಕ್ಷರ ಸೇರಿಸಿಲ್ಲ. ಪಾದದ ವಿಷಯ ಅವನದು, ನನ್ನದಲ್ಲ.

ಆ ಬೆಳಗಿನ ಜಾವ ವಸ್ತಿ ಬಸ್ಸು ಹೊರಟಾಗ ಒಳಗೆ ಇಬ್ಬರು ಹೆಂಗಸರಿದ್ದರು. ಸತ್ತವಳು ಆಧಾರ್ ಕಾರ್ಡ್ ತೋರಿಸಿದಳು. ಗುರುನಾಥ ಹೆಂಗಸರ ಪುಕ್ಕಟೆ ಟಿಕೆಟ್ ಹರಿದುಕೊಟ್ಟ. ಬದುಕಿದ್ದವಳ ಕಾರ್ಡು ಗಂಡನ ಕಪಾಟಿನಲ್ಲಿತ್ತು. ಆಕೆಗೆ ಪೂರ್ತಿ ಟಿಕೆಟ್ ಆಯಿತು.