ಉಳಿಸಿಕೊಂಡ ಉತ್ತರ

ಖಾನಾಪುರದ ಬಸ್ ನಿಲ್ದಾಣದಲ್ಲಿ ಹಲಸಿಯ ಬಸ್ಸಿಗೆ ಕಾಯುತ್ತಿದ್ದೆ. ಬೆಳಗಾವಿಯಿಂದ ಬಂದಿಳಿದ ಒಬ್ಬ ಹೆಂಗಸು ಹೂಗುಚ್ಛ ಹಿಡಿದು ನನ್ನ ಬೆಂಚಿನಲ್ಲೇ ಕೂತಳು. ಆಚೆ ಕೂತಿದ್ದ ತರುಣಿಗೆ ಅವಳ ಪರಿಚಯವಿತ್ತು.

"ಚಿಗವ್ವಾ, ಬೆಳಗಾವಿ ಸಭಾದಾಗ ಏನಂದ್ರು?"

"ಹೊರದೇಶಕ್ಕ ದುಡಿಯಾಕ ಹೋದವರ ಪಾಸ್‌ಪೋರ್ಟ್ ಮಾಲಕರು ಇಟ್ಕೋಬಾರದು, ಕಾಯ್ದೆ ಗಟ್ಟಿ ಆಗಬೇಕು ಅಂದ್ರು. ಚೊಲೋ ಮಾತಾಡಿದ್ರು, ಪ್ರಮಿಳಾ."

"ಹಂಗಾದ್ರ ಕಾಕಾ ಸೌದಿಯಿಂದ ಬರತಾನೇನು?"

"ಅದನ್ನ ಯಾರೂ ಹೇಳಲಿಲ್ಲ."

"ನಿಮ್ಮ ಮನಿಗೆ ಪ್ರಶ್ನೆ ಕೇಳಾಕ ಬರತಿದ್ಲಲ್ಲ ಕಾಲೇಜಿನ ಹುಡುಗಿ, ಸಮೃದ್ಧಿ. ಆಕಿನ್ನ ಕೇಳಬೇಕಿತ್ತು."

"ಆಕಿ ಸಂಶೋಧನಾ ಮುಗೀತಂತ. ಇನ್ನ ಬರೂದಿಲ್ಲ."

"ಎಷ್ಟ ಸಲ ಬಂದಿದ್ಲಲ್ಲ!"

"ನಾನ ಬರೂಹಂಗ ಮಾಡಿದ್ದೆ. ಎಲ್ಲಾ ಕೇಳಿ ಆಗಿತ್ತು. ಸೌದಿಯಿಂದ ಫೋನ್ ಬರೂದು ನಿಲ್ಲೂದಕ್ಕ ಮೊದಲ ಯಜಮಾನರು ಕಡೀಕ ಏನಂದ್ರು ಅನ್ನೂದೊಂದ ಉಳಿದಿತ್ತು. ನಾಳೆ ಬಾ, ಹೇಳತೀನಿ ಅಂದೆ. ಬಂದ್ಲು. ಮತ್ತ ನಾಳೆ ಅಂದೆ."

"ಯಾಕ? ಹೇಳಾಕ ಸಂಕಟ ಆತೇನು?"

"ಹೇಳಿದ್ರ ಆಕಿ ಬರೂದು ಮುಗೀತಿತ್ತಲ್ಲ. ನಮ್ಮ ಮನಿಗೆ ಬ್ಯಾರೆ ಯಾರ ಬರತಾರ?"

"ಕಡೀಗೂ ಹೇಳಲೇ ಇಲ್ಲೇನು?"

"ಇವತ್ತ ಮೈಕಿನ ಮುಂದ ನಿಂದರಿಸಿದ್ರು. ಹೇಳಿಬಿಟ್ಟೆ. ಚಪ್ಪಾಳಿ ಹೊಡದ್ರು. ಆಮ್ಯಾಲ ಎಲ್ಲಾರೂ ಚಾ ಕುಡಿಯಾಕ ಹ್ವಾದ್ರು."

ಬೆಳಗಾವಿಯ ಬಸ್ಸು ಬಂತು. ಪ್ರಮಿಳಾ ಚೀಲ ಎತ್ತಿಕೊಂಡು ಓಡಿದಳು. ಮೆಟ್ಟಿಲ ಮೇಲೆ ನಿಂತು ಹಿಂತಿರುಗಿ ಕೂಗಿದಳು.

"ಚಿಗವ್ವಾ, ಕಾಕಾ ಏನಂದಿದ್ದ?"

ಹೆಂಗಸು ಹೂಗುಚ್ಛವನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಾಳೆ ಮನಿಗೆ ಬಾ, ಹೇಳತೀನಿ."